ಮರಳ ಇಳಿಜಾರಿನ ಮೇಲೊಂದು ಜಪಾನು

ಮೊಮ್ಮಗಳಿಗೆ ಒಂಬತ್ತು ವರ್ಷ. ಇಷ್ಟು ವರ್ಷ ನಾನು ಅವಳನ್ನು ಕಂಡದ್ದು ಹೆಚ್ಚಾಗಿ ಫೋನಿನೊಳಗೆ. ಈ ಚಳಿಗಾಲ ಮೂರು ತಿಂಗಳ ವಿಸಿಟ್ ವೀಸಾ ಸಿಕ್ಕಿತು. ಅಬುಧಾಬಿಗೆ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮಗಳ ವಿಲ್ಲಾಕ್ಕೆ ಬಂದು ಇಳಿದೆ. ಚಪ್ಪಲಿ ಬಿಚ್ಚಲೂ ಬಿಡದೆ ಹುಡುಗಿ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಮನೆ ಕಟ್ಟುವಾಗ ಅಗೆದು ಹಾಕಿದ ಮರಳು ಮಣ್ಣು ಕಾಂಪೌಂಡಿಗೆ ಒರಗಿ ನನ್ನ ಎದೆಯೆತ್ತರ ನಿಂತು, ಅಡುಗೆಮನೆಯ ಮೆಟ್ಟಿಲವರೆಗೆ ಇಳಿಜಾರಾಗಿ ಬಂದಿತ್ತು.

"ಅಜ್ಜಿ, ಇಲ್ಲಿ ಜಪಾನೀಸ್ ಗಾರ್ಡನ್. ಯೂ ಆಂಡ್ ಮಿ!"

ಬಾವಿ ತೋಡು ಎಂದಿದ್ದರೂ ತೋಡುತ್ತಿದ್ದೆ. ಅಷ್ಟು ಖುಷಿ!

ಅವಳು ಚಿತ್ರ ಬರೆದಿಟ್ಟಿದ್ದಳು. ಮೇಲಿನಿಂದ ಕೆಳಗೆ ಬಿಳಿ ಜಲ್ಲಿಯ ಹೊಳೆ, ನೀರಿಲ್ಲದ್ದು. ಅರ್ಧ ಹೂತ ಕಲ್ಲುಗಳು. ಚೆಂಡಿನಂತೆ ಕತ್ತರಿಸಿದ ಗಿಡಗಳು. ಕೆಂಪು ಎಲೆಯ ಜಪಾನಿ ಮರವೇ ಬೇಕೆಂದು ಹಠ ಮಾಡಿದಳು. "ಜೂನಲ್ಲಿ ಅದು ಹಪ್ಪಳ ಆಗ್ತದೆ, ಮೋಳೆ" ಎಂದು ಮಗಳಂತೆ ಕರೆದು ನರ್ಸರಿಯ ಮಲಯಾಳಿ ನಕ್ಕು ಬೇರೆ ಗಿಡ ತೋರಿಸಿದ. ನಮ್ಮ ಗುಡ್ಡದ ಕರಂಡೆ, ಅಂದರೆ ಕವಳಿ ಹಣ್ಣಿನ ಗಿಡದ ತಂಗಿಯ ಹಾಗಿತ್ತು. ಅದೇ ಮುಳ್ಳು, ಮುರಿದರೆ ಅದೇ ಹಾಲು. ಒಂಬತ್ತು ಗಿಡ ತಂದೆವು.

ನಾನು ಕಲಿತದ್ದು ಮೂರನೇ ಕ್ಲಾಸು. ಆದರೆ ಇಳಿಜಾರಿನಲ್ಲಿ ಗಿಡ ನೆಡಲು ನನಗೆ ಯಾರು ಕಲಿಸಬೇಕು? ಪುತ್ತೂರಿನ ಕಡೆಯ ಗುಡ್ಡದಲ್ಲೇ ಬೆಳೆದವಳು. ಒಂದೊಂದು ಗಿಡಕ್ಕೂ ದಿಣ್ಣೆ ಮಾಡಿ ಕೂರಿಸಿದೆ, ಬುಡದ ನೀರು ಹರಿದುಹೋಗಲು ಚಂದದ ಕಣಿ ತೆಗೆದೆ. ಐದನೇ ದಿನಕ್ಕೆ ಎಲೆಗಳೆಲ್ಲ ಸುರುಟಿದವು.

ಅಳಿಯ ಬಂದು ಕಣಿ ನೋಡಿ ಸೊಂಟಕ್ಕೆ ಕೈಯಿಟ್ಟ. "ಅತ್ತೇ, ಯಾವ ಮಳೆಗೆ ಇದೆಲ್ಲ? ಇಲ್ಲಿ ನೀರು ನಿಲ್ಲಿಸ್ಲಿಕ್ಕೆ ಜನ ಸಾಯ್ತಾರೆ, ನೀವು ಓಡಿಸ್ಲಿಕ್ಕೆ ದಾರಿ ಮಾಡಿದ್ದೀರಿ!"

ಹುಡುಗಿ ನಗಲಿಲ್ಲ. "ಯೂ ಕಿಲ್ಡ್ ಇಟ್" ಎಂದು ಒಳಗೆ ಹೋದಳು. ಆ ದಿನ ಮತ್ತೆ ಹಿತ್ತಿಲಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತನ್ನೂ ಬಿಡಿಸಿ ತಗ್ಗಿನಲ್ಲಿ ಇಳಿಸಿದೆ. ಕೆಳಬದಿಗೆ ಅರ್ಧಚಂದ್ರದ ಹಾಗೆ ಕಟ್ಟೆ ಕಟ್ಟಿದೆ, ನೀರು ಅಲ್ಲೇ ನಿಲ್ಲಲಿ ಎಂದು. ಆರನೆಯದಕ್ಕೆ ಬರುವಾಗ ಪಕ್ಕದಲ್ಲಿ ಪೈಪ್ ಹಿಡಿದ ಎರಡು ಪುಟ್ಟ ಕೈ. "ಸ್ಲೋ ಬಿಡ್ಬೇಕಾ, ಅಜ್ಜಿ?" ಎಂದಳು. ಆ ಕ್ಷಣ ನನಗೆ ಮತ್ತೇನೂ ಬೇಡವಾಗಿತ್ತು.

ಏಳು ಗಿಡ ಚಿಗುರಿದವು. ಚಿಗುರಿನ ತುದಿಯಲ್ಲಿ ಸೂಜಿಯಂಥ ಮೊಗ್ಗು. ಹೂವಿಗೆ ಇನ್ನೂ ಒಂದು ತಿಂಗಳು ಎಂದ ನರ್ಸರಿಯವ. ನನ್ನ ಟಿಕೆಟಿಗೆ ಹನ್ನೊಂದು ದಿನ. ಆ ಹೂವನ್ನು ಅವಳ ಜೊತೆ ನಿಂತು ನೋಡಬೇಕೆಂಬ ಆಸೆಯಾಯಿತು. ವೀಸಾ ಮುಂದಕ್ಕೆ ಹಾಕಲು ಆಗುತ್ತದಾ ಎಂದು ಅಳಿಯನನ್ನು ಕೇಳಿದೆ. ಮಗಳು ನಡುವೆ ಬಂದಳು: "ಊರಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಉಂಟಲ್ಲ ಅಮ್ಮ, ಮರ್ತಿಯಾ?" ಮರೆತಿರಲಿಲ್ಲ. ಸುಮ್ಮನೆ ಕೇಳಿದ್ದು.

ಇತ್ತ ಹುಡುಗಿ ದಿನಾ ಸಂಜೆ ಕತ್ತರಿ ಹಿಡಿದು ಬರುವಳು. ಜಪಾನಿನಲ್ಲಿ ಗಿಡ ಗುಂಡಗಿರಬೇಕಂತೆ. ಕತ್ತರಿಸಿದರೆ ಮೊಗ್ಗು ಹೋಯಿತು. "ಇವತ್ತು ಬೇಡ ಮಗಾ, ನಾಳೆ" ಎಂದು ತಳ್ಳುತ್ತಾ ಬಂದೆ.

ಹೊರಡುವ ಹಿಂದಿನ ಸಂಜೆ ಕತ್ತರಿಯನ್ನು ನಾನೇ ಅವಳ ಕೈಗೆ ಕೊಟ್ಟೆ. "ತಗೋ, ನಿನ್ನ ಜಪಾನು ನೀನು ಮಾಡು."

ಅವಳು ಗಿಡ ನೋಡಿದಳು, ನನ್ನನ್ನು ನೋಡಿದಳು. "ನೀನು ಯಾವಾಗ ಬರ್ತಿ?"

"ಬರುವ ಚಳಿಗೆ, ದೇವರು ಬಿಟ್ಟರೆ."

"ಆಗ ಕಟ್ ಮಾಡುವ. ಒಟ್ಟಿಗೆ."

"ಅಷ್ಟರಲ್ಲಿ ಇದು ಕಾಡಾಗ್ತದೆ ಮಾರಾಯ್ತಿ!" ಎಂದ ಅವಳಪ್ಪ ಮೆಟ್ಟಿಲಿನಿಂದ.

"ಆಗ್ಲಿ ಪಪ್ಪಾ. ಜಪಾನಲ್ಲಿ ಕಾಡಿಲ್ವಾ?"