ದಿಂಬಿನಡಿಯ ಕತ್ತಿ

ಪಕ್ಕದ ಮನೆಯಿಂದ ಓಮದ ಹೊಗೆ ಬರುತ್ತಿದೆ. ಬಾಣಂತಿ ಬಂದಿರಬೇಕು. ನಿಮಗೆ ಆ ವಾಸನೆ ಹಿತವೇನೋ. ನನಗೆ ಮಾತ್ರ ಈ ವಯಸ್ಸಿನಲ್ಲೂ ಯಾರೋ ಬಾಗಿಲಲ್ಲಿ ಕೂತು ನನ್ನನ್ನೇ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಅನುಮಾನ ನನ್ನ ಹುಟ್ಟುಗುಣವಂತೆ, ಗಂಡ ಹೇಳುವುದುಂಟು. ಸುಳ್ಳು. ಅದು ಬಾಣಂತನದಲ್ಲಿ ಅಂಟಿದ್ದು.

ಎಪ್ಪತ್ತರ ದಶಕದ ಕೊನೆಯ ಮಾತು. ಚೊಚ್ಚಲ ಹೆರಿಗೆಗೆಂದು ಹೊನ್ನಾವರದಿಂದ ಬಾಡ ಊರಿನ ತವರಿಗೆ ಬಂದಿದ್ದೆ. ಅಪ್ಪ ದೋಣಿಗೆ ಹೋಗುತ್ತಿದ್ದ. ಅವ್ವಿ ಕುಮಟೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಮಗ ಗುಂಡುಗುಂಡಾಗಿದ್ದ. ಅವನನ್ನು ನೋಡಿದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅವನು ಅತ್ತರೆ ನಾನೂ ಅಳುತ್ತಿದ್ದೆ. ನೋಡಲು ಬಂದವರು, 'ಗಂಡು ಹುಟ್ಟೀದೆ, ಅಳೂದೆಂತಕೆ?' ಎನ್ನುವರು, ಅಂಗಳಕ್ಕಿಳಿದು ಪಿಸುಗುಟ್ಟುವರು. ಗಾಳಿ ಸೋಕಿದೆ ಎಂದರು. ಇಡಗುಂಜಿಯ ಪ್ರಸಾದ ಬಂತು. ಕುಮಟೆಯ ಡಾಕ್ಟರು ಮಗುವನ್ನು ತೂಗಿದರು, ನನ್ನ ಕಣ್ಣರೆಪ್ಪೆ ಎಳೆದು 'ರಕ್ತ ಕಡಿಮೆ' ಎಂದು ಟಾನಿಕ್ ಬರೆದರು. 'ನಿದ್ದೆ ಬರುತ್ತದಾ?' ಎಂದೊಂದು ಮಾತು ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ. ಟಾನಿಕ್ಕಿನಲ್ಲಿ ಏನೋ ಬೆರೆಸಿದ್ದಾರೆಂದು ಕಿಟಕಿಯಾಚೆ ಚೆಲ್ಲುತ್ತಿದ್ದೆ. ಬಸಳೆ ಬಳ್ಳಿ ಚೆನ್ನಾಗಿ ಚಿಗುರಿತು.

ನಮ್ಮಲ್ಲಿ ಬಾಣಂತಿಯ ದಿಂಬಿನಡಿ ಒಂದು ಕತ್ತಿ ಇಡುತ್ತಾರೆ, ದೆವ್ವ ಹತ್ತಿರ ಸುಳಿಯದಿರಲೆಂದು. ಒಂದು ಮಧ್ಯಾಹ್ನ ಕೈಯಾಡಿಸಿದರೆ ಕತ್ತಿ ಇಲ್ಲ. ತೊಟ್ಟಿಲೂ ಆಚೆ ಕೋಣೆಗೆ ಹೋಗಿದೆ. ಅವ್ವಿ ಪೇಟೆಗೆ ಹೋಗುವುದನ್ನೂ ಬಿಟ್ಟು ಬಾಗಿಲಲ್ಲೇ ಕೂತಿದ್ದಾಳೆ. ಆಗ ಹೊಳೆಯಿತು: ಇವರಿಗೆ ಹೆದರಿಕೆ ದೆವ್ವದ್ದಲ್ಲ, ನನ್ನದು.

'ಕತ್ತಿ ಎಂತಕೆ ತೆಗ್ದೆ?'

'ಮೀನು ಕೊಯ್ಯೂಕೆ ಬೇಕಾಗಿತ್ತು.'

ಅವಳ ಮುಂದೆಯೇ ಮೀನು ಕೊಯ್ಯುವ ಮೆಟ್ಟುಗತ್ತಿ ಇತ್ತು. ನನಗೆ ಮೈಯೆಲ್ಲ ಉರಿಯಿತು. 'ಸುಳ್ಳು ಹೇಳ್ಬೇಡ. ಮಗೀಗೆ ನಾ ಎಂತಾದ್ರೂ ಮಾಡ್ತೆ ಅಂತ ಅಲ್ವಾ?'

ಅವ್ವಿ ಕೈ ತೊಳೆದು ಬಂದು, ಮೀನುವಾಸನೆಯ ಸೀರೆಯಲ್ಲೇ ನನ್ನ ಪಕ್ಕ ಮಲಗಿದಳು. 'ಮಗೀಗಲ್ಲ ಹುಡ್ಗಿ. ನೀ ನಿಂಗೇ ಎಂತ ಮಾಡ್ಕಂತ್ಯೋ ಅಂತ. ನೀ ಹುಟ್ಟಿದಾಗ ನಂಗೂ ಹೀಂಗೇ ಆಗಿತ್ತು. ನಿನ್ನ ಮುಖ ನೋಡೂಕೂ ಮನಸ್ಸಿರ್ಲಿಲ್ಲ.'

ಅಯ್ಯೋ, ಮಗಳಿಗೆ ಹೇಳುವ ಮಾತೇ ಅದು! ಆದರೂ ಆ ದಿನ ನಾನು ನಿದ್ದೆ ಮಾಡಿದೆ. ಅಲ್ಲಿಂದ ನಿಧಾನಕ್ಕೆ, ಎಷ್ಟೋ ತಿಂಗಳಿಗೆ, ಮಗನ ಮುಖ ಮುದ್ದೆನಿಸತೊಡಗಿತು.

ಅವ್ವಿ ಈಗಿಲ್ಲ. ಅವಳ ಮಾತು ನಿಜವೋ, ನನ್ನ ಸಮಾಧಾನಕ್ಕೆ ಹುಟ್ಟಿಸಿಕೊಂಡು ಹೇಳಿದ್ದೋ ಎಂದು ಇಷ್ಟು ಕಾಲ ಅನುಮಾನಪಟ್ಟೆ. ಈಚೆಗೆ ಮಾತ್ರ, ಅದು ಸುಳ್ಳೇ ಆಗಿರಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತೇನೆ. ನಿಜವಾಗಿದ್ದರೆ, ಅವಳ ಪಕ್ಕ ಯಾರು ಬಂದು ಮಲಗಿದ್ದರು?