ತರಗತಿಯೊಳಗಿನ ಮಗ್ಗ

ತಂಗಿ ರತ್ನಳನ್ನು ನಾನು ಒಂದು ವರ್ಷ ಶಾಲೆಗೆ ಕಳಿಸಲಿಲ್ಲ. ಕೊಳ್ಳೇಗಾಲದ ನಮ್ಮ ರೇಷ್ಮೆ ಮಗ್ಗದಲ್ಲಿ ಎಳೆ ಹೊಸೆಯಲು ಕೂರಿಸಿದೆ. ಆದರೂ ಓದಿ ಮೇಡಂ ಆದಳು. ಈಗ ಶ್ರೀಲಂಕಾದ ಶಾಲೆಗಳನ್ನು ನೋಡಲು ಬಂದವಳು, ನಾಲ್ಕನೇ ಕ್ಲಾಸಿಗೇ ಓದು ಬಿಟ್ಟ ನನ್ನನ್ನೂ ಕರೆತಂದಿದ್ದಾಳೆ.

ಇಲ್ಲಿ ತರಗತಿಯಲ್ಲೇ ಮಗ್ಗವಿದೆ. ನೇಯ್ಗೆಗೂ ಅಂಕವಿದೆ ಎಂದು ರತ್ನ ಬರೆದುಕೊಳ್ಳುತ್ತಿದ್ದಾಗ ಹುಡುಗಿಯೊಬ್ಬಳ ಎಳೆ ಕಡಿದುಹೋಯಿತು. ಕಡಿದ ಎಳೆಯನ್ನು ನಾವು ಬೆರಳಿಗೆ ಬೂದಿ ಹಚ್ಚಿ ಹೊಸೆದು ಸೇರಿಸುತ್ತೇವೆ. ಇಲ್ಲಿ ಬೂದಿಯಿಲ್ಲದ್ದಕ್ಕೆ ರತ್ನ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಗಂಟಿಲ್ಲದೆ ಸೇರಿಸಿಬಿಟ್ಟಳು. ನನ್ನ ಎದೆಯುಬ್ಬಿತು.

“ಯಾರು ಕಲಿಸಿದ್ದು?” ಎಂದು ಅಲ್ಲಿಯ ಟೀಚರ್ ತಮಿಳಿನಲ್ಲಿ ಕೇಳಿದರು.

ರತ್ನ ನನ್ನತ್ತ ಕೈತೋರಿ, “ನಮ್ಮಣ್ಣ,” ಎಂದಳು. ಮಕ್ಕಳೆಲ್ಲ ಎದ್ದು ನನಗೆ ಕೈಮುಗಿದರು. ನಾನು ನೆಲ ನೋಡಿದೆ.

“ವಸಿ ನಗಣ್ಣ. ಮಗ್ಗದ ಗುಂಡೀಲಿ ತಲೆ ಬಗ್ಗಿಸ್ಕಂಡು ಕುಂತಂಗಿದ್ದೀಯಲ್ಲ,” ಎಂದು ರತ್ನ ಛೇಡಿಸಿದಳು.

“ಇಸ್ಕೂಲು ಬುಡಿಸಿ ಕಲಿಸ್ದೆ ಕಣವ್ವ. ತಪ್ಪಾಯ್ತು,” ಎಂದೆ.