ಒಲೆಗೆ ಬಳಿದ ಬೀದರ್ ಮಣ್ಣು

ಲಿಂಗಸುಗೂರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ನನ್ನ ಹೊಟ್ಟೆಪಾಡನ್ನೇ ಪಕ್ಕದ ಮನೆಯ ಮುದುಕಿ ನೀಲವ್ವ ಒಲೆಗೆ ಬಳಿದುಬಿಟ್ಟಿದ್ದಳು.

ಬೀದರಿನ ನನ್ನ ಜನರೇ, ನಗಬೇಡಿ. ಕೋಟೆಯೊಳಗೆ ಬಿಸಿಲು ಮಳೆ ಕಾಣದ ಮೂಲೆಯಿಂದ, ನಾಲಗೆಗಿಟ್ಟು ರುಚಿ ನೋಡಿ ಆರಿಸಿ ತಂದ ಒಂದು ಚೀಲ ಮಣ್ಣು ಅದು. ಆ ಮಣ್ಣಿಲ್ಲದೆ ನಮ್ಮ ಬಿದರಿ ಕೆಲಸದ ಲೋಹ ಕಪ್ಪಾಗುವುದುಂಟೆ? ಇಲ್ಲಿಯದೋ ಕಪ್ಪು ಎರೆ ನೆಲ. ಒಲೆ ಸಾರಿಸಲು ಕೆಮ್ಮಣ್ಣು ಕಂಡರೆ ಹೆಂಗಸರಿಗೆ ಹಬ್ಬ.

"ನಾಳಿ ಅಮಾಸಿ ಐತಿ, ತಮ್ಮಾ. ಹೆಣ್ಮಕ್ಕಳಿಲ್ಲದ ಮನಿ ಅಂತ ನಿನ್ನ ಒಲಿ ಸಾರಿಸೀನಿ. ಉಳಿದದ್ದು ನನ್ನ ಒಲಿಗಾತು," ಎಂದಳು.

"ಯವ್ವಾ, ನನ್ನ ಬಾಯಾಗ ಮಣ್ಣು ಹಾಕಿದ್ಯಲ್ಲ!"

ತಹಶೀಲ್ದಾರ ಸಾಹೇಬರ ಮಗಳ ಮದುವೆಗೆ ಪಾನ್‌ದಾನ, ಅಂದರೆ ಎಲೆಅಡಿಕೆ ಡಬ್ಬಿ, ಮಾಡುತ್ತಿದ್ದೆ. ಬೆಳ್ಳಿ ತಂತಿ ಕೂರಿಸಿ ಆಗಿತ್ತು, ಕಪ್ಪು ಹಿಡಿಸುವುದೊಂದೇ ಬಾಕಿ. ಮರುದಿನ ಸಂಜೆ ಒಪ್ಪಿಸಬೇಕು. ಇದು ಕೆಟ್ಟರೆ ಈ ಊರಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ನಾಲ್ವರು ಅಣ್ಣತಮ್ಮಂದಿರಿಗೆ ಒಂದೇ ಕುಲುಮೆ ಸಾಲದೆಂದು ಹೊರಟವನು ನಾನು. "ಬೀದರ್ ಕೋಟಿ ಬಿಟ್ಟು ಬಿದರಿ ಮಾಡ್ತೀಯೇನ್ಲೇ?" ಎಂದಿದ್ದ ದೊಡ್ಡಣ್ಣನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿತ್ತು.

ವಿಷಯ ಕೇಳಿ ನೀಲವ್ವ ಎದ್ದಳು. ಅಮಾವಾಸ್ಯೆಗೆ ಸಾರಿಸಿದ ಒಲೆಯನ್ನು ಬೆಂಕಿ ಕಾಣುವ ಮೊದಲೇ ಕೆರೆಯುವುದು ಆಕೆಯ ಪಾಲಿಗೆ ದೊಡ್ಡ ಅಪಶಕುನ. ಆದರೂ ಕುಡಗೋಲು ತಂದು ಮೊದಲು ತನ್ನ ಒಲೆಯನ್ನೇ, ಆಮೇಲೆ ನನ್ನದನ್ನೂ ಕೆರೆದಳು. "ಶಕುನ ನೋಡಿಕೋಂತ ಕುಂತರ ಹೊಟ್ಟಿ ತುಂಬತೈತೇನು?"

ಕೆಮ್ಮಣ್ಣಿನ ಜೊತೆ ಆಕೆಯ ಒಲೆಯ ಎರೆಮಣ್ಣೂ ಮೊರಕ್ಕೆ ಬಿತ್ತು. ನಾಲಗೆಗಿಟ್ಟೆ. ಬೇಕಾದ ಚುರುಕು ಇತ್ತು, ಬೇಡದ ಹೊಗೆಯ ರುಚಿಯೂ ಇತ್ತು. ನವಸಾಗರದ ಉಪ್ಪು ಬೆರೆಸಿ ನೀರಲ್ಲಿ ಕುದಿಸಿ, ಡಬ್ಬಿ ಬಿಸಿ ಮಾಡಿ, ಆ ರಾಡಿಯಲ್ಲಿ ತಿಕ್ಕಿದೆ.

ಅಬ್ಬಾ! ಬೂದಿಬಣ್ಣದ ಲೋಹ ಕಣ್ಣೆದುರೇ ಕಾಡಿಗೆಯಂತೆ ಕಪ್ಪಾಯಿತು. ಬೆಳ್ಳಿಗೆ ಒಂದು ಚುಕ್ಕೆಯೂ ತಾಗಲಿಲ್ಲ. ಅಲ್ಲಿಯವರೆಗೆ ಕಂಡೂ ಕಾಣದಂತಿದ್ದ ಬಳ್ಳಿ, ಹೂವು ಎಲ್ಲ ಎದ್ದು ಬಂದವು. ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೂ ಅವತ್ತು ಮೈ ಜುಮ್ಮೆಂದಿತು. ನೀಲವ್ವ ಬಾಯಿಗೆ ಸೆರಗು ಹಿಡಿದು, "ಯಪ್ಪಾ, ಒಲಿ ಮಣ್ಣಿನಾಗ ಇಷ್ಟು ಚೆಲುವಿಕಿ ಇತ್ತೇನು!" ಎಂದಳು.

ಮರುದಿನ ಸಂಜೆ ಸಾಹೇಬರು ಡಬ್ಬಿಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಅಸಲಿ ಬೀದರ್ ಮಣ್ಣಿಂದೇನು?"

ಹೌದೆನ್ನಲು ಬಾಯಿ ತೆರೆದೆ, ಮನಸ್ಸು ಬರಲಿಲ್ಲ. "ಅರ್ಧ ಬೀದರಿಂದು ರೀ, ಅರ್ಧ ಇಲ್ಲಿದು," ಎಂದೆ. ಅವರು ನಕ್ಕು, ಹುಕ್ಕಾಕ್ಕೆ ನೀರು ತುಂಬುವ ಬುಡವೊಂದನ್ನೂ ಮಾಡಲು ಹೇಳಿದರು.

ದೊಡ್ಡಣ್ಣಾ, ಇನ್ನೊಂದು ಚೀಲ ಮಣ್ಣು ಕಳಿಸು. ತುಸು ಹೆಚ್ಚೇ ತುಂಬು. ನೀಲವ್ವನ ಒಲೆ ಇನ್ನೂ ಕೆರೆದ ಹಾಗೇ ಕೂತಿದೆ, ಅದನ್ನು ನಾನೇ ಸಾರಿಸಬೇಕು.